ಬೊಕ್ಕಸದ ಲೆಕ್ಕ ಕೇಳುವವರು: ಯಾರು, ಯಾವ ಕಾಯ್ದೆಯ ಬಲದಿಂದ?

ರಾಜ್ಯದ ಬೊಕ್ಕಸದಿಂದ ಒಂದು ರೂಪಾಯಿ ಹೊರಬರಬೇಕಾದರೂ ಅದರ ಹಿಂದೆ ಒಂದು ಕಾನೂನು ಇರಬೇಕು. ಸಂಚಿತ ನಿಧಿಯ ಹಣವನ್ನು ಕಾನೂನಿಗೆ ಅನುಸಾರವಾಗಿ, ಸಂವಿಧಾನ ಒಪ್ಪುವ ಉದ್ದೇಶಕ್ಕೆ ಮತ್ತು ಒಪ್ಪುವ ರೀತಿಯಲ್ಲಿ ಮಾತ್ರ ತೆಗೆಯಬಹುದು ಎಂದು ಸಂವಿಧಾನದ 266ನೇ ವಿಧಿ ಹೇಳುತ್ತದೆ. ಆ ಕಾನೂನೇ ಪ್ರತಿವರ್ಷ ಬಜೆಟ್ ಅಧಿವೇಶನದಲ್ಲಿ ಅಂಗೀಕಾರವಾಗುವ ಧನವಿನಿಯೋಗ ವಿಧೇಯಕ. ಬಜೆಟ್ ಭಾಷಣವನ್ನು ಟಿವಿಯವರು ಗಂಟೆಗಟ್ಟಲೆ ತೋರಿಸುತ್ತಾರೆ, ಧನವಿನಿಯೋಗ ವಿಧೇಯಕ ಎಷ್ಟೋ ಸಲ ಗದ್ದಲದ ನಡುವೆಯೇ ಪಾಸಾಗಿ ಹೋಗುತ್ತದೆ. ಖರ್ಚು ಮಾಡುವ ಅಧಿಕಾರ ಇಲಾಖೆಗಳಿಗೆ ಬರುವುದು ಮಾತ್ರ ಈ ವಿಧೇಯಕದಿಂದಲೇ.

ಹೀಗೆ ಕೊಟ್ಟ ಅಧಿಕಾರದ ಮಿತಿಯೊಳಗೇ ಖರ್ಚಾಯಿತೇ, ಹೇಳಿದ ಕೆಲಸಕ್ಕೇ ಆಯಿತೇ, ಕೊಟ್ಟ ಹಣಕ್ಕೆ ತಕ್ಕ ಫಲ ಬಂತೇ ಎಂದು ವರ್ಷ ಕಳೆದ ಮೇಲೆ ಕೇಳಬೇಕಾದವರು ಬೇಕಲ್ಲ? ಖರ್ಚು ಮಾಡಿದವರ ಕೈಕೆಳಗಿನವರೇ ಕೇಳಿದರೆ ಆ ಪ್ರಶ್ನೆಗೆ ಬೆಲೆಯಿಲ್ಲ. ಅದಕ್ಕಾಗಿ ಸಂವಿಧಾನ 148ರಿಂದ 151ರವರೆಗಿನ ನಾಲ್ಕು ವಿಧಿಗಳಲ್ಲಿ ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು, ಅಂದರೆ ಪತ್ರಿಕೆಗಳಲ್ಲಿ ಸಿಎಜಿ ಎಂದು ಓದುವ ಹುದ್ದೆಯನ್ನು ನಿರ್ಮಿಸಿದೆ. ಅದರ ಕೆಳಗೆ 1971ರ ಸಿಎಜಿ ಕರ್ತವ್ಯ, ಅಧಿಕಾರ ಮತ್ತು ಸೇವಾ ಷರತ್ತುಗಳ ಕಾಯ್ದೆ, 2013ರ ಕಂಪನಿ ಕಾಯ್ದೆಯ ಕೆಲವು ಸೆಕ್ಷನ್‌ಗಳು, ವಿತ್ತೀಯ ಹೊಣೆಗಾರಿಕೆ ಕಾಯ್ದೆಗಳು, ಪಂಚಾಯತ್ ಮತ್ತು ಪುರಸಭೆ ಕಾಯ್ದೆಗಳು ಬರುತ್ತವೆ. ಈ ಇಡೀ ಕಟ್ಟಡವನ್ನು ಸುತ್ತಿ ಬಂದವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಲೆಕ್ಕ ನೋಡುವವರಿಗೆ ಕಾನೂನು ಗಟ್ಟಿಯಾದ ರಕ್ಷಣೆ ಕೊಟ್ಟಿದೆ. ಅವರು ಬರೆದ ವರದಿ ಮುಂದೆ ಎಷ್ಟು ಬೇಗ, ಎಲ್ಲಿಗೆ ತಲುಪಬೇಕು ಎಂಬಲ್ಲಿ ಮಾತ್ರ ಅದರ ದನಿ ಕುಗ್ಗುತ್ತದೆ.

ಹುದ್ದೆಗೆ ಇರುವ ರಕ್ಷಣೆ

ಲೆಕ್ಕಪರಿಶೋಧನೆ ಬ್ರಿಟಿಷರ ಕಾಲದ ಬಳುವಳಿ. 1860ರಲ್ಲಿ ಎಡ್ಮಂಡ್ ಡ್ರಮಂಡ್ ಮೊದಲ ಆಡಿಟರ್ ಜನರಲ್ ಆದರು. ಆಗ ಆ ಅಧಿಕಾರಿ ಸರ್ಕಾರದ ನೌಕರ, ಸರ್ಕಾರಕ್ಕೇ ವರದಿ ಕೊಡುವವನು. 1919 ಮತ್ತು 1935ರ ಕಾಯ್ದೆಗಳು ಹುದ್ದೆಗೆ ಸ್ವಲ್ಪ ಸ್ವಲ್ಪವಾಗಿ ಸ್ವಾತಂತ್ರ್ಯ ಕೊಟ್ಟವು. ಸಂವಿಧಾನ ರಚನಾ ಸಭೆಯಲ್ಲಿ 1949ರಲ್ಲಿ ಈ ವಿಧಿಗಳ ಚರ್ಚೆ ನಡೆದಾಗ ಡಾ. ಅಂಬೇಡ್ಕರ್, ಇದು ಬಹುಶಃ ಸಂವಿಧಾನದ ಅತ್ಯಂತ ಮಹತ್ವದ ಹುದ್ದೆ, ಇದರ ಕರ್ತವ್ಯ ನ್ಯಾಯಾಂಗದ ಕರ್ತವ್ಯಕ್ಕಿಂತಲೂ ದೊಡ್ಡದು ಎಂಬ ಅರ್ಥದ ಮಾತನಾಡಿದರು.

148ನೇ ವಿಧಿಯ ಪ್ರಕಾರ ಸಿಎಜಿಯನ್ನು ನೇಮಿಸುವವರು ರಾಷ್ಟ್ರಪತಿಗಳು. ತೆಗೆದುಹಾಕುವುದು ಸುಲಭವಲ್ಲ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವ ಕ್ರಮವೇ ಇಲ್ಲಿಗೂ ಅನ್ವಯ: ದುರ್ವರ್ತನೆ ಅಥವಾ ಅಸಾಮರ್ಥ್ಯ ಸಾಬೀತಾಗಬೇಕು, ಸಂಸತ್ತಿನ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ಬೇಕು. 1971ರ ಕಾಯ್ದೆ ಅವಧಿಯನ್ನು ಆರು ವರ್ಷ ಅಥವಾ 65 ವಯಸ್ಸು, ಯಾವುದು ಮೊದಲೋ ಅದು, ಎಂದು ಗೊತ್ತುಮಾಡಿದೆ. ಸಂಬಳ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಷ್ಟೇ. ನೇಮಕವಾದ ಮೇಲೆ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಅವರ ಕಚೇರಿಯ ಆಡಳಿತ ವೆಚ್ಚ ಭಾರತದ ಸಂಚಿತ ನಿಧಿಯ ಮೇಲೆ ಪ್ರಭೃತ, ಅಂದರೆ ಅದನ್ನು ಸಂಸತ್ತಿನ ಮತಕ್ಕೆ ಹಾಕುವುದಿಲ್ಲ. ವರದಿಯಿಂದ ಸಿಟ್ಟಾದ ಸರ್ಕಾರ ಅನುದಾನ ಕಡಿತ ಮಾಡಿ ಸೇಡು ತೀರಿಸಿಕೊಳ್ಳದಿರಲಿ ಎಂಬುದು ಇದರ ಉದ್ದೇಶ.

ಪ್ರಮಾಣವಚನದಲ್ಲೂ ಒಂದು ಸೂಕ್ಷ್ಮವಿದೆ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಸಿಎಜಿ ಮತ್ತು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಒಂದೇ ನಮೂನೆ. ಇಬ್ಬರೂ ಸಂವಿಧಾನವನ್ನೂ ಕಾನೂನುಗಳನ್ನೂ ಎತ್ತಿಹಿಡಿಯುವುದಾಗಿ ಪ್ರಮಾಣ ಮಾಡುತ್ತಾರೆ. ಮಂತ್ರಿಗಳ ಪ್ರಮಾಣವಚನದಲ್ಲಿ ಈ ಮಾತು ಇಲ್ಲ.

ನಿವೃತ್ತಿಯ ನಂತರ ಕೇಂದ್ರ ಅಥವಾ ಯಾವುದೇ ರಾಜ್ಯ ಸರ್ಕಾರದ ಅಧೀನದ ಹುದ್ದೆ ಹಿಡಿಯುವಂತಿಲ್ಲ ಎಂಬ ನಿಷೇಧವೂ 148ನೇ ವಿಧಿಯಲ್ಲಿದೆ. ಮುಂದೆ ಸಿಗಬಹುದಾದ ಕುರ್ಚಿಯ ಆಸೆಗೆ ಇಂದಿನ ವರದಿ ಮೆತ್ತಗಾಗಬಾರದು ಎಂಬುದು ಇದರ ಆಶಯ. ಆದರೆ ಈ ಬೇಲಿಯಲ್ಲೊಂದು ಕಂಡಿಯಿದೆ, ಅದು ಕರ್ನಾಟಕದವರ ಕಣ್ಣೆದುರೇ ಬಳಕೆಯಾಗಿದೆ. ಬೊಫೋರ್ಸ್ ಖರೀದಿಯ ಬಗ್ಗೆ 1989ರಲ್ಲಿ ಬಂದ ವರದಿಯ ಕಾಲಕ್ಕೆ ಸಿಎಜಿಯಾಗಿದ್ದ ಟಿ.ಎನ್. ಚತುರ್ವೇದಿಯವರು ಮುಂದೆ ರಾಜ್ಯಸಭೆಗೆ ಹೋದರು, 2002ರಿಂದ 2007ರವರೆಗೆ ಕರ್ನಾಟಕದ ರಾಜ್ಯಪಾಲರಾಗಿದ್ದರು. ರಾಜ್ಯಪಾಲರ ಹುದ್ದೆ ಭಾರತ ಸರ್ಕಾರದ ಅಧೀನದ ಉದ್ಯೋಗವಲ್ಲ ಎಂದು ಹರಗೋವಿಂದ ಪಂತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದ್ದರಿಂದ ಕಾನೂನಿನ ತೊಡಕೇನೂ ಬರಲಿಲ್ಲ. ಕಾನೂನಿಗೆ ಸರಿಯಾದದ್ದು ನಿಷೇಧದ ಆಶಯಕ್ಕೂ ಸರಿಯೇ ಎಂಬ ಪ್ರಶ್ನೆ ಬೇರೆಯೇ ಉಳಿಯುತ್ತದೆ.

ರಕ್ಷಣೆಯ ಈ ಪಟ್ಟಿಯಲ್ಲಿ ಕಾಣದಿರುವುದು ನೇಮಕದ ಕ್ರಮ. ಯಾವ ಅರ್ಹತೆ ಇರಬೇಕು, ಯಾರು ಆಯ್ಕೆ ಮಾಡಬೇಕು, ವಿರೋಧ ಪಕ್ಷದ ನಾಯಕರ ಪಾತ್ರವೇನು ಎಂಬ ಯಾವುದನ್ನೂ ಸಂವಿಧಾನವಾಗಲಿ 1971ರ ಕಾಯ್ದೆಯಾಗಲಿ ಹೇಳುವುದಿಲ್ಲ. ರೂಢಿಯಲ್ಲಿ ಕೇಂದ್ರ ಸರ್ಕಾರ ಹೆಸರು ಆರಿಸುತ್ತದೆ, ರಾಷ್ಟ್ರಪತಿಗಳು ಅಂಕಿತ ಹಾಕುತ್ತಾರೆ. ಬಹುಪಾಲು ಹಿರಿಯ ಐಎಎಸ್ ಅಧಿಕಾರಿಗಳೇ ಬಂದಿದ್ದಾರೆ. ನಿನ್ನೆಯವರೆಗೆ ತಾವೇ ನಡೆಸುತ್ತಿದ್ದ ಇಲಾಖೆಯ ಲೆಕ್ಕವನ್ನು ಇಂದು ತಾವೇ ನೋಡಬೇಕಾದ ಮುಜುಗರ ಇದರಿಂದ ಬರುತ್ತದೆ. ಸ್ವತಂತ್ರ ಸಮಿತಿಯ ಮೂಲಕ ನೇಮಕವಾಗಬೇಕು ಎಂಬ ಬೇಡಿಕೆ ಸುಪ್ರೀಂ ಕೋರ್ಟಿನ ಬಾಗಿಲನ್ನೂ ತಟ್ಟಿದೆ.

ಯಾರ ಲೆಕ್ಕ ನೋಡಬಹುದು, ಯಾರದನ್ನು ನೋಡುವಂತಿಲ್ಲ

ಸಿಎಜಿಯ ಅಧಿಕಾರವನ್ನು ಸಂಸತ್ತು ಕಾಯ್ದೆಯ ಮೂಲಕ ಗೊತ್ತುಮಾಡಬೇಕು ಎಂದು 149ನೇ ವಿಧಿ ಹೇಳಿತು. ಆ ಕಾಯ್ದೆ ಬರಲು 1971ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ 1936ರ ಆದೇಶವೊಂದನ್ನೇ ತಿದ್ದಿ ತೀಡಿ ಬಳಸಲಾಗುತ್ತಿತ್ತು.

ಕಾಯ್ದೆಯ ಹೃದಯ 13ರಿಂದ 20ರವರೆಗಿನ ಸೆಕ್ಷನ್‌ಗಳು. 13ನೇ ಸೆಕ್ಷನ್ ಸಂಚಿತ ನಿಧಿಯಿಂದ ಆದ ಎಲ್ಲ ಖರ್ಚನ್ನೂ ಪರಿಶೋಧನೆಗೆ ಒಳಪಡಿಸುತ್ತದೆ. ಆ ಹಣ ಆ ಕೆಲಸಕ್ಕೆ ಕಾನೂನುಬದ್ಧವಾಗಿ ಲಭ್ಯವಿತ್ತೇ, ಖರ್ಚು ಸಕ್ಷಮ ಆದೇಶಕ್ಕೆ ತಕ್ಕಂತೆ ನಡೆಯಿತೇ ಎಂಬ ಎರಡು ಪ್ರಶ್ನೆಗಳು ಇಲ್ಲೇ ಹುಟ್ಟುತ್ತವೆ. 14ನೇ ಸೆಕ್ಷನ್ ಸರ್ಕಾರದ ಅನುದಾನದಿಂದ ಬದುಕುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಒಂದು ವರ್ಷದಲ್ಲಿ ಕನಿಷ್ಠ 25 ಲಕ್ಷ ರೂಪಾಯಿ ಅನುದಾನ ಅಥವಾ ಸಾಲ ಬಂದಿದ್ದು, ಅದು ಸಂಸ್ಥೆಯ ಒಟ್ಟು ಖರ್ಚಿನ ಶೇ 75ಕ್ಕಿಂತ ಕಡಿಮೆಯಿಲ್ಲದಿದ್ದರೆ ಅದು ತಾನಾಗಿಯೇ ಪರಿಶೋಧನೆಗೆ ಒಳಪಡುತ್ತದೆ. ಒಂದು ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ ರಾಷ್ಟ್ರಪತಿ ಅಥವಾ ರಾಜ್ಯಪಾಲರ ಒಪ್ಪಿಗೆ ಪಡೆದು ನೋಡಬಹುದು. 16ನೇ ಸೆಕ್ಷನ್ ಆದಾಯದ ಕಡೆ ತಿರುಗುತ್ತದೆ. ತೆರಿಗೆ ವಿಧಿಸುವ, ವಸೂಲಿ ಮಾಡುವ ವ್ಯವಸ್ಥೆ ಸೋರುತ್ತಿಲ್ಲವೇ ಎಂದು ನೋಡುವ ಅಧಿಕಾರ ಇಲ್ಲಿಂದ ಬರುತ್ತದೆ. ಉಗ್ರಾಣದ ದಾಸ್ತಾನಿಗೆ 17, ಇತರ ಸಂಸ್ಥೆಗಳ ಲೆಕ್ಕವನ್ನು ಸರ್ಕಾರದ ಕೋರಿಕೆಯ ಮೇರೆಗೆ ನೋಡುವುದಕ್ಕೆ 20.

ಸರ್ಕಾರಿ ಕಂಪನಿಗಳಿಗೆ ದಾರಿ ಬೇರೆ. ಶೇ 51ರಷ್ಟು ಷೇರು ಬಂಡವಾಳ ಸರ್ಕಾರದ್ದಾಗಿದ್ದರೆ, 2013ರ ಕಂಪನಿ ಕಾಯ್ದೆಯ 139ನೇ ಸೆಕ್ಷನ್ ಪ್ರಕಾರ ಅದರ ಲೆಕ್ಕಪರಿಶೋಧಕರನ್ನು ನೇಮಿಸುವುದು ಆಡಳಿತ ಮಂಡಳಿಯ ಕೈಯಲ್ಲಿಲ್ಲ, ಸಿಎಜಿಯೇ ನೇಮಿಸುತ್ತಾರೆ. ಆ ಚಾರ್ಟರ್ಡ್ ಅಕೌಂಟೆಂಟ್ ವರದಿ ಕೊಟ್ಟ ಮೇಲೆ 60 ದಿನಗಳೊಳಗೆ ಸಿಎಜಿ ಪೂರಕ ಪರಿಶೋಧನೆ ಮಾಡಿ ಟಿಪ್ಪಣಿ ಸೇರಿಸಬಹುದು. ಬೆಸ್ಕಾಂ, ಕೆಪಿಟಿಸಿಎಲ್, ಮೈಸೂರು ಸ್ಯಾಂಡಲ್ ಸೋಪು ಮಾಡುವ ಕೆಎಸ್‌ಡಿಎಲ್ ಇವೆಲ್ಲ ಈ ಕ್ರಮದಲ್ಲಿ ಬರುತ್ತವೆ. ಕೆಎಸ್ಆರ್‌ಟಿಸಿ, ಬಿಎಂಟಿಸಿ ಮಾತ್ರ ಕಂಪನಿಗಳಲ್ಲ, 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ಹುಟ್ಟಿದ ನಿಗಮಗಳು. ಅವುಗಳ ಲೆಕ್ಕಕ್ಕೆ ಸಿಎಜಿಯೇ ಏಕೈಕ ಪರಿಶೋಧಕರು.

ಹೊರಗುಳಿದವುಗಳ ಪಟ್ಟಿಯೂ ಸಣ್ಣದಲ್ಲ. ರಾಷ್ಟ್ರೀಕೃತ ಬ್ಯಾಂಕುಗಳ ಲೆಕ್ಕ ಸಿಎಜಿಗೆ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ಪರಿಶೋಧಕರನ್ನು ಕೇಂದ್ರ ಸರ್ಕಾರವೇ ನೇಮಿಸುತ್ತದೆ, ಬೇಕೆನಿಸಿದರೆ ಸಿಎಜಿಯಿಂದ ಪರೀಕ್ಷೆ ಮಾಡಿಸಬಹುದು ಎಂದು ರಿಸರ್ವ್ ಬ್ಯಾಂಕ್ ಕಾಯ್ದೆಯ 51ನೇ ಸೆಕ್ಷನ್ ಹೇಳುತ್ತದಾದರೂ ಆ ತೀರ್ಮಾನ ಸರ್ಕಾರದ್ದು. 2020ರ ಮಾರ್ಚ್‌ನಲ್ಲಿ ಸ್ಥಾಪನೆಯಾದ ಪಿಎಂ ಕೇರ್ಸ್ ನಿಧಿ ಸಾರ್ವಜನಿಕ ದತ್ತಿ ಟ್ರಸ್ಟ್ ಎಂಬ ನೆಲೆಯಲ್ಲಿ ಹೊರಗುಳಿದಿದೆ, ಅದರ ಲೆಕ್ಕವನ್ನು ನೋಡುವುದು ಖಾಸಗಿ ಚಾರ್ಟರ್ಡ್ ಅಕೌಂಟೆಂಟ್. ಇತ್ತ ಖಾಸಗಿ ಕಂಪನಿಗಳೆಲ್ಲ ಕೈಗೆಟುಕುವುದಿಲ್ಲ ಎಂದೂ ತಿಳಿಯಬೇಕಿಲ್ಲ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ಪಾಲನ್ನು ಸರ್ಕಾರಕ್ಕೆ ಕೊಡಬೇಕಾದ್ದರಿಂದ, ಆ ಪಾಲು ಸರಿಯಾಗಿದೆಯೇ ಎಂದು ನೋಡಲು ಅವುಗಳ ಲೆಕ್ಕಪುಸ್ತಕವನ್ನೂ ತೆರೆಯಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸರ್ಕಾರ ಮತ್ತು ಖಾಸಗಿಯವರು ಕೂಡಿ ಕಟ್ಟುವ ಹೆದ್ದಾರಿ, ವಿಮಾನ ನಿಲ್ದಾಣಗಳ ಕಾಲದಲ್ಲಿ ಈ ತೀರ್ಪಿನ ಮಹತ್ವ ದೊಡ್ಡದು.

ಲೆಕ್ಕ ಬರೆಯುವ ಕ್ರಮ

ಬೆಂಗಳೂರಿನಲ್ಲಿ ಎಜಿ ಆಫೀಸ್ ಎಂದರೆ ನಿವೃತ್ತ ಸರ್ಕಾರಿ ನೌಕರರಿಗೆ ಮೊದಲು ನೆನಪಾಗುವುದು ಪಿಂಚಣಿ. ಪಿಂಚಣಿ ಪಾವತಿ ಆದೇಶ ಹೊರಡುವುದು ಅಲ್ಲಿಂದಲೇ. ಆದರೆ ಅದು ಆ ಕಚೇರಿಯ ಒಂದು ಕೆಲಸ ಮಾತ್ರ. ಎಜಿ, ಅಂದರೆ ಮಹಾಲೇಖಪಾಲರ ಕಚೇರಿಗಳು ಎರಡು ಬಗೆ. ಒಂದು ಬಗೆಯವು ರಾಜ್ಯದ ಲೆಕ್ಕಗಳನ್ನು ಕ್ರೋಡೀಕರಿಸುತ್ತವೆ, ಇನ್ನೊಂದು ಬಗೆಯವು ಪರಿಶೋಧನೆ ಮಾಡುತ್ತವೆ. ಎರಡೂ ಸಿಎಜಿಯ ಅಧೀನದಲ್ಲೇ ಇವೆ. ಕೇಂದ್ರ ಸರ್ಕಾರದ ಮಟ್ಟದಲ್ಲಿ 1976ರಲ್ಲೇ ಲೆಕ್ಕ ಬರೆಯುವ ಕೆಲಸವನ್ನು ಸಿಎಜಿಯಿಂದ ಬೇರ್ಪಡಿಸಿ ಇಲಾಖೆಗಳಿಗೆ ವಹಿಸಲಾಯಿತು. ರಾಜ್ಯಗಳಲ್ಲಿ ಹಳೆಯ ಪದ್ಧತಿಯೇ ಮುಂದುವರಿದಿದೆ.

ಲೆಕ್ಕ ಯಾವ ನಮೂನೆಯಲ್ಲಿರಬೇಕು ಎಂಬುದನ್ನು 150ನೇ ವಿಧಿಯಂತೆ ಸಿಎಜಿಯ ಸಲಹೆಯ ಮೇರೆಗೆ ರಾಷ್ಟ್ರಪತಿಗಳು ಗೊತ್ತುಮಾಡುತ್ತಾರೆ. ಬಜೆಟ್ ಪುಸ್ತಕ ತೆರೆದವರಿಗೆ ಎದುರಾಗುವ ನಾಲ್ಕಂಕಿಯ ಲೆಕ್ಕ ಶೀರ್ಷಿಕೆಗಳು ಇದರ ಫಲ. ಅವನ್ನು ಓದುವುದು ಕಷ್ಟವಲ್ಲ. ಮೊದಲ ಅಂಕಿ 0 ಅಥವಾ 1 ಇದ್ದರೆ ರಾಜಸ್ವ ಜಮೆ, 2 ಅಥವಾ 3 ಇದ್ದರೆ ರಾಜಸ್ವ ಖರ್ಚು, 4 ಅಥವಾ 5 ಇದ್ದರೆ ಬಂಡವಾಳ ಖರ್ಚು, 8 ಇದ್ದರೆ ಸಾದಿಲ್ವಾರು ನಿಧಿ ಅಥವಾ ಸಾರ್ವಜನಿಕ ಲೆಕ್ಕ. 2202 ಸಾಮಾನ್ಯ ಶಿಕ್ಷಣ, 4202 ಶಿಕ್ಷಣದ ಬಂಡವಾಳ ವೆಚ್ಚ. ಶಿಕ್ಷಕರ ಸಂಬಳ ಮೊದಲನೆಯದರಲ್ಲಿ, ಶಾಲಾ ಕಟ್ಟಡ ಎರಡನೆಯದರಲ್ಲಿ. ದೇಶದ ಎಲ್ಲ ರಾಜ್ಯಗಳಲ್ಲೂ ಈ ಸಂಖ್ಯೆಗಳು ಒಂದೇ ಆಗಿರುವುದರಿಂದ ಕರ್ನಾಟಕದ ಖರ್ಚನ್ನು ಕೇರಳದ ಖರ್ಚಿನ ಪಕ್ಕದಲ್ಲಿಟ್ಟು ನೋಡಬಹುದು. ಯಾವುದೋ ಸಂಸ್ಥೆಗೆ ಕೊಟ್ಟ ಸಹಾಯಧನವನ್ನು 4ರ ಸಾಲಿಗೆ ಸೇರಿಸಿದರೆ ರಾಜಸ್ವ ಕೊರತೆ ಕಾಗದದ ಮೇಲೆ ಕರಗುತ್ತದೆ. ಸಿಎಜಿ ವರದಿಗಳಲ್ಲಿ ತಪ್ಪು ವರ್ಗೀಕರಣ ಎಂಬ ನೀರಸ ಶೀರ್ಷಿಕೆಯಡಿ ಬರುವುದು ಇಂಥ ಚಳಕಗಳೇ. ಆ ಪುಟಗಳನ್ನು ಹಾರಿಸಬಾರದು.

ಕೆರೆ ಕೆಲಸದ ಕಡತ ತೆರೆದಾಗ

ಪರಿಶೋಧನೆ ನೆಲದ ಮೇಲೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಕೆರೆ ದುರಸ್ತಿಯ ಕಾಮಗಾರಿಯೊಂದನ್ನು ಊಹಿಸಿಕೊಳ್ಳಬಹುದು. ಕೆಲಸ ಮುಗಿದು, ಬಿಲ್ಲು ಖಜಾನೆ-2 ತಂತ್ರಾಂಶದ ಮೂಲಕ ಪಾವತಿಯಾಗಿ ತಿಂಗಳುಗಳೇ ಕಳೆದಿರುತ್ತವೆ. ಎಜಿ ಆಡಿಟ್ ತಂಡ ಬರುತ್ತಿದೆ ಎಂಬ ಪತ್ರ ಬಂದೊಡನೆ ಕಚೇರಿಯಲ್ಲಿ ಕಪಾಟುಗಳು ತೆರೆದುಕೊಳ್ಳುತ್ತವೆ. 1971ರ ಕಾಯ್ದೆಯ 18ನೇ ಸೆಕ್ಷನ್ ತಂಡಕ್ಕೆ ಮೂರು ಅಧಿಕಾರ ಕೊಡುತ್ತದೆ: ಯಾವುದೇ ಲೆಕ್ಕದ ಕಚೇರಿಯನ್ನು ತಪಾಸಣೆ ಮಾಡುವುದು, ಬೇಕಾದ ಪುಸ್ತಕ ಕಾಗದಗಳನ್ನು ತರಿಸಿಕೊಳ್ಳುವುದು, ಹೊಣೆ ಹೊತ್ತವರಿಗೆ ಪ್ರಶ್ನೆ ಹಾಕುವುದು.

ಮೇಜಿನ ಮೇಲೆ ಮೊದಲು ಬರುವುದು ಅಂದಾಜು ಪಟ್ಟಿ ಮತ್ತು ಟೆಂಡರ್ ಕಡತ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಅಂದರೆ ಕಚೇರಿಗಳಲ್ಲಿ ಕೆಟಿಪಿಪಿ ಎಂದು ಕರೆಯುವ ಕಾಯ್ದೆಯಂತೆ ಟೆಂಡರ್ ಕರೆಯಲಾಗಿತ್ತೇ, ಇಲ್ಲ ಅದೇ ಕಾಯ್ದೆಯ 4(ಜಿ) ಸೆಕ್ಷನ್‌ನ ವಿನಾಯಿತಿ ಪಡೆದು ನೇರವಾಗಿ ಯಾವುದಾದರೂ ಸಂಸ್ಥೆಗೆ ಕೆಲಸ ವಹಿಸಲಾಗಿತ್ತೇ? ವಿನಾಯಿತಿ ಕೊಟ್ಟ ಅಧಿಸೂಚನೆಯ ದಿನಾಂಕ ಕೆಲಸ ಶುರುವಾದ ದಿನಾಂಕಕ್ಕಿಂತ ಹಿಂದಿನದೇ? ನಂತರ ಅಳತೆ ಪುಸ್ತಕ. ಏರಿಯ ಉದ್ದ, ಅಗಲ, ಎತ್ತರ ಬರೆದು ಎಂಜಿನಿಯರ್ ಸಹಿ ಮಾಡಿರುವ ಈ ಎಂಬಿ ಪುಸ್ತಕವನ್ನು ಬಿಲ್ಲಿನ ಜೊತೆ ತಾಳೆ ಹಾಕಿದಾಗ ಒಂದೇ ಹೂಳನ್ನು ಎರಡು ಕಡೆ ಅಳೆದು ಬರೆದಿದ್ದರೆ ಗೊತ್ತಾಗುತ್ತದೆ. ಮಣ್ಣು ಸಾಗಿಸಿದ ಲಾರಿಗಳ ನೋಂದಣಿ ಸಂಖ್ಯೆ ಪರಿಶೀಲಿಸಿದಾಗ ಅವು ದ್ವಿಚಕ್ರ ವಾಹನಗಳದ್ದು ಎಂದು ತಿಳಿದುಬಂದ ಕಥೆಗಳು ದೇಶದ ನಾನಾ ಕಡೆಯ ವರದಿಗಳಲ್ಲಿವೆ.

ಸಂಶಯ ಬಂದಲ್ಲಿ ತಂಡ ಆಡಿಟ್ ಮೆಮೊ ಕೊಡುತ್ತದೆ. ಕಚೇರಿ ಉತ್ತರ ಬರೆಯಬೇಕು. ಉತ್ತರ ಸಮಾಧಾನ ತರದಿದ್ದರೆ ಅದು ತಪಾಸಣಾ ವರದಿಯ ಕಂಡಿಕೆಯಾಗುತ್ತದೆ. ಅದನ್ನೇ ನೌಕರರು ಆಡಿಟ್ ಪ್ಯಾರಾ ಎನ್ನುವುದು. ನಾಲ್ಕು ವಾರಗಳಲ್ಲಿ ಅನುಪಾಲನಾ ವರದಿ ಹೋಗಬೇಕು, ಆಕ್ಷೇಪಣೆ ತಿರುವಳಿಯಾಗಬೇಕು. ಕಾಗದದ ಮೇಲಿನ ಈ ನಾಲ್ಕು ವಾರ ಎಷ್ಟೋ ಕಚೇರಿಗಳಲ್ಲಿ ವರ್ಷಗಳಿಗೆ ತಿರುಗುತ್ತದೆ, ಬರೆದವರು ವರ್ಗವಾಗಿ, ಉತ್ತರಿಸಬೇಕಾದವರು ನಿವೃತ್ತರಾಗಿ, ಪ್ಯಾರಾ ಮಾತ್ರ ಕಡತದಲ್ಲಿ ಉಳಿದಿರುತ್ತದೆ. ಗಂಭೀರವಾದವು ಕರಡು ಕಂಡಿಕೆಗಳಾಗಿ ಇಲಾಖೆಯ ಕಾರ್ಯದರ್ಶಿಗೆ ಹೋಗುತ್ತವೆ, ಅವರ ಉತ್ತರ ಪಡೆದು ಅಥವಾ ಉತ್ತರ ಬಾರದೆಯೇ ಸಿಎಜಿ ವರದಿಯಲ್ಲಿ ಅಚ್ಚಾಗುತ್ತವೆ. ಸರ್ಕಾರದ ಉತ್ತರ ಬಂದಿಲ್ಲ ಎಂಬ ಸಾಲು ವರದಿಯಲ್ಲಿ ಕಂಡರೆ ಅದೂ ಒಂದು ಮಾಹಿತಿಯೇ.

18ನೇ ಸೆಕ್ಷನ್‌ನ ದೌರ್ಬಲ್ಯವೂ ಇಲ್ಲೇ ಕಾಣುತ್ತದೆ. ದಾಖಲೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ, ಕೊಡದಿದ್ದರೆ ದಂಡವೇನು ಎಂದು ಹೇಳುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಸಾಮಾನ್ಯ ನಾಗರಿಕನಿಗೆ ಮಾಹಿತಿ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡವಿದೆ. ಸಂವಿಧಾನವೇ ನೇಮಿಸಿದ ಪರಿಶೋಧಕರಿಗೆ ಆ ಬಲವೂ ಇಲ್ಲ ಎಂಬುದು ವಿಚಿತ್ರ.

ವರದಿ ಸದನಕ್ಕೆ ಬಂದ ಮೇಲೆ

151ನೇ ವಿಧಿಯ ಪ್ರಕಾರ ರಾಜ್ಯದ ಲೆಕ್ಕಗಳ ವರದಿ ರಾಜ್ಯಪಾಲರಿಗೆ ಹೋಗುತ್ತದೆ, ಅವರು ಅದನ್ನು ವಿಧಾನಮಂಡಲದ ಮುಂದೆ ಇರಿಸುತ್ತಾರೆ. ಎಷ್ಟು ದಿನಗಳೊಳಗೆ ಎಂದು ವಿಧಿ ಹೇಳುವುದಿಲ್ಲ. ಈ ಮೌನದ ಬೆಲೆ ಎಷ್ಟೆಂದು ದೆಹಲಿ ತೋರಿಸಿತು. ಅಲ್ಲಿ 14 ವರದಿಗಳು ಮಂಡನೆಯಾಗದೆ ಉಳಿದು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2025ರ ಜನವರಿಯಲ್ಲಿ ಕೋರ್ಟ್ ವಿಳಂಬವನ್ನು ಖಂಡಿಸಿತಾದರೂ ವಿಶೇಷ ಅಧಿವೇಶನ ಕರೆಯುವಂತೆ ಆದೇಶಿಸಲು ಒಪ್ಪಲಿಲ್ಲ. ಚುನಾವಣೆಯಾಗಿ ಸರ್ಕಾರ ಬದಲಾದ ಮೇಲೆ ಫೆಬ್ರವರಿಯಲ್ಲಿ ಮೊದಲ ವರದಿ ಸದನಕ್ಕೆ ಬಂತು. ಮತದಾರರಿಗೆ ಮತ ಹಾಕುವ ಮುನ್ನ ಬೇಕಿದ್ದದ್ದು ಮತ ಹಾಕಿದ ಮೇಲೆ ಸಿಕ್ಕಿತು.

ಮಂಡನೆಯಾದ ವರದಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೈಗೆ ಬರುತ್ತದೆ, ಸರ್ಕಾರಿ ಕಂಪನಿಗಳ ವರದಿ ಸಾರ್ವಜನಿಕ ಉದ್ಯಮಗಳ ಸಮಿತಿಗೆ. ಸಂಸತ್ತಿನ ಲೆಕ್ಕಪತ್ರ ಸಮಿತಿಯಲ್ಲಿ 22 ಸದಸ್ಯರು, ಲೋಕಸಭೆಯ 15 ಮತ್ತು ರಾಜ್ಯಸಭೆಯ ಏಳು ಮಂದಿ. ಮಂತ್ರಿಗಳಿಗೆ ಪ್ರವೇಶವಿಲ್ಲ. 1967ರಿಂದ ಅಧ್ಯಕ್ಷಗಿರಿ ವಿರೋಧ ಪಕ್ಷಕ್ಕೆ ಎಂಬುದು ರೂಢಿ, ಕಾನೂನಲ್ಲ. ಕರ್ನಾಟಕದ ಇಲಾಖೆಗಳು ವರದಿ ಮಂಡನೆಯಾದ ನಾಲ್ಕು ತಿಂಗಳೊಳಗೆ ಪ್ರತಿ ಕಂಡಿಕೆಗೂ ಇಲಾಖಾ ಟಿಪ್ಪಣಿಯನ್ನು ವಿಧಾನಸಭೆ ಸಚಿವಾಲಯಕ್ಕೆ ಕೊಡಬೇಕು. ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಪ್ರಶ್ನಿಸುತ್ತದೆ, ಮಹಾಲೇಖಪಾಲರು ಪಕ್ಕದಲ್ಲಿ ಕುಳಿತು ನೆರವಾಗುತ್ತಾರೆ. ಸಮಿತಿಯ ಶಿಫಾರಸಿಗೆ ಸರ್ಕಾರ ಕೈಗೊಂಡ ಕ್ರಮದ ವರದಿ ಕೊಡಬೇಕು. ಇಷ್ಟಾದರೂ ಶಿಫಾರಸು ಶಿಫಾರಸೇ, ಆದೇಶವಲ್ಲ.

ವರದಿಯನ್ನೇ ತೀರ್ಪೆಂದು ತಿಳಿಯುವ ತಪ್ಪು ಸಾಮಾನ್ಯ. ತರಂಗಾಂತರ ಹಂಚಿಕೆಯ 2010ರ ವರದಿಯಲ್ಲಿದ್ದ 1.76 ಲಕ್ಷ ಕೋಟಿ ರೂಪಾಯಿಯ ಅಂದಾಜು ನಷ್ಟದ ಸಂಖ್ಯೆ ಮನೆಮಾತಾಯಿತು. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು, 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. ಎರಡೂ ಒಟ್ಟಿಗೆ ನಿಜವಾಗಬಲ್ಲವು. ಹಂಚಿಕೆಯ ಕ್ರಮ ತಪ್ಪು ಎನ್ನುವುದಕ್ಕೂ ಒಬ್ಬ ವ್ಯಕ್ತಿ ಲಂಚ ಪಡೆದ ಎಂದು ಕ್ರಿಮಿನಲ್ ಕೋರ್ಟಿನಲ್ಲಿ ಸಾಬೀತುಮಾಡುವುದಕ್ಕೂ ಬೇಕಾದ ಪುರಾವೆಗಳು ಬೇರೆಬೇರೆ. ಸಿಎಜಿ ವರದಿ ಸದನದ ಮತ್ತು ಲೆಕ್ಕಪತ್ರ ಸಮಿತಿಯ ಪರಿಶೀಲನೆಗೆ ಒಳಪಟ್ಟದ್ದು, ಸಮಿತಿ ಅದನ್ನು ಒಪ್ಪಬಹುದು ಅಥವಾ ಬಿಡಬಹುದು ಎಂದು ಅರುಣ್ ಕುಮಾರ್ ಅಗರವಾಲ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯೋಜನೆಯ ಮಿತವ್ಯಯ, ದಕ್ಷತೆ, ಫಲಿತಾಂಶ ನೋಡುವ ಕಾರ್ಯನಿರ್ವಹಣಾ ಪರಿಶೋಧನೆಯನ್ನೇ ಪ್ರಶ್ನಿಸಿದ ಅರವಿಂದ್ ಗುಪ್ತಾ ಅರ್ಜಿಯನ್ನು ಮಾತ್ರ ಅದು 2012ರಲ್ಲಿ ತಳ್ಳಿಹಾಕಿತ್ತು, ಸಿಎಜಿ ಬರಿಯ ಮುನೀಮರಲ್ಲ ಎಂಬುದು ಅಂದಿನ ಮಾತಿನ ತಾತ್ಪರ್ಯ.

ಪಂಚಾಯಿತಿಯ ಲೆಕ್ಕ, ಸಾಲದ ಮಿತಿ

ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಲೆಕ್ಕಪರಿಶೋಧನೆಯನ್ನು 243ಜೆ ಮತ್ತು 243ಝಡ್ ವಿಧಿಗಳು ರಾಜ್ಯದ ಕಾನೂನಿಗೆ ಬಿಟ್ಟಿವೆ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳನ್ನು ಸಿಎಜಿ ನೋಡುತ್ತಾರೆ. ಗ್ರಾಮ ಪಂಚಾಯಿತಿಗಳನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ನೋಡುತ್ತದೆ, ಸಿಎಜಿಯ ತಾಂತ್ರಿಕ ಮಾರ್ಗದರ್ಶನ ಅದಕ್ಕಿದೆ. ಈ ಇಲಾಖೆ ಆರ್ಥಿಕ ಇಲಾಖೆಯ ಅಧೀನದಲ್ಲಿದೆ, ಅಂದರೆ ಊರಿಗೆ ಅತಿ ಹತ್ತಿರದ ಸಂಸ್ಥೆಯ ಲೆಕ್ಕ ನೋಡುವವರಿಗೆ 148ನೇ ವಿಧಿಯ ರಕ್ಷಣೆ ಇಲ್ಲ. ಆ ಕೊರತೆಯನ್ನು ಒಂದಿಷ್ಟಾದರೂ ತುಂಬುವುದು ಜನರೇ ಕುಳಿತು ನೋಡುವ ಎರಡು ವ್ಯವಸ್ಥೆಗಳು. ಒಂದು ಜಮಾಬಂದಿ: ಪಂಚಾಯಿತಿಯ ಪುಸ್ತಕಗಳನ್ನೂ ಕಾಮಗಾರಿಗಳನ್ನೂ ವರ್ಷಕ್ಕೊಮ್ಮೆ ಜನರೆದುರು ಪರಿಶೀಲಿಸುವ ಕ್ರಮ. ಇನ್ನೊಂದು 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ ತಂದ ಸಾಮಾಜಿಕ ಪರಿಶೋಧನೆ. ಅದಕ್ಕೆ 2011ರಲ್ಲಿ ಸಿಎಜಿಯ ಸಮಾಲೋಚನೆಯೊಂದಿಗೆ ನಿಯಮಗಳು ಬಂದವು. ಎನ್‌ಎಂಆರ್, ಅಂದರೆ ಕೂಲಿಕಾರರ ಹಾಜರಿ ಪಟ್ಟಿಯಲ್ಲಿರುವ ಹೆಸರನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದಾಗ, ಆ ವಾರ ಊರಲ್ಲೇ ಇಲ್ಲದವರ ಹೆಸರು ಬಂದರೆ ಹಿಂದಿನ ಸಾಲಿನಿಂದ ದನಿ ಏಳುತ್ತದೆ. ದೂರದಿಂದ ಬಂದ ಯಾವ ಪರಿಶೋಧಕರಿಗೂ ಅಷ್ಟು ಬೇಗ ಅದು ತಿಳಿಯದು.

ಸಾಲದ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಹೆಗ್ಗಳಿಕೆ ಇದೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ಮೊದಲ ರಾಜ್ಯ ಇದು, ಕೇಂದ್ರದ ಕಾಯ್ದೆ ಬಂದದ್ದು 2003ರಲ್ಲಿ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3, ಒಟ್ಟು ಹೊಣೆ ಶೇ 25 ದಾಟಬಾರದು ಎಂಬುದು ಇದರ ಮೂಲ ಅಳತೆ. ಬಜೆಟ್ ಪುಸ್ತಕದೊಳಗೆ ಸಾಲ ಕಾಣದಿರಲಿ ಎಂದು ನೀರಾವರಿ ನಿಗಮಗಳ ಹೆಸರಿನಲ್ಲಿ ಎತ್ತಿ, ಅಸಲು ಬಡ್ಡಿಯನ್ನು ಸರ್ಕಾರವೇ ತೀರಿಸುವ ಬಜೆಟ್ಟೇತರ ಸಾಲವನ್ನೂ ಮುಂದಿನ ತಿದ್ದುಪಡಿಯೊಂದು ಹೊಣೆಯ ಲೆಕ್ಕಕ್ಕೆ ಸೇರಿಸಿತು. ಮಿತಿ ಪಾಲನೆಯಾಗುತ್ತಿದೆಯೇ ಎಂದು ನೋಡುವ ಸಮಿತಿಗೆ ಅಧ್ಯಕ್ಷರು ಮುಖ್ಯ ಕಾರ್ಯದರ್ಶಿ. ಆದ್ದರಿಂದ ಸ್ವತಂತ್ರ ಅಭಿಪ್ರಾಯಕ್ಕೆ ಇಲ್ಲೂ ಸಿಎಜಿಯ ರಾಜ್ಯ ಹಣಕಾಸು ವರದಿಯತ್ತಲೇ ನೋಡಬೇಕು.

ಓದುಗರಿಗೆ ದಾರಿ

ಮಂಡನೆಯಾದ ಎಲ್ಲ ವರದಿಗಳೂ ಸಿಎಜಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ರಾಜ್ಯ ಮತ್ತು ವರ್ಷದ ಹೆಸರಿನಿಂದ ಹುಡುಕಬಹುದು. ಮೊದಲ ಸಲ ಓದುವವರು ರಾಜ್ಯ ಹಣಕಾಸು ವರದಿಯ ಸಾರಾಂಶದಿಂದ ಶುರುಮಾಡುವುದು ಒಳ್ಳೆಯದು. ಅಲ್ಲಿ ಉಳಿತಾಯ ಎಂಬ ಪದ ಕಂಡರೆ ಸಂತೋಷಪಡಬೇಕಿಲ್ಲ: ಅದು ಸದನ ಒಪ್ಪಿಗೆ ಕೊಟ್ಟೂ ಖರ್ಚಾಗದ ಹಣ, ಅಂದರೆ ಎಷ್ಟೋ ವೇಳೆ ಆಗದ ಕೆಲಸ. ಒಪ್ಪಿಗೆಗಿಂತ ಹೆಚ್ಚು ಖರ್ಚಾಗಿದ್ದರೆ 205ನೇ ವಿಧಿಯಂತೆ ಸದನ ಅದನ್ನು ಸಕ್ರಮಗೊಳಿಸಬೇಕು, ವರ್ಷಗಟ್ಟಲೆ ಬಾಕಿ ಇರುವ ಇಂಥ ಮೊತ್ತಗಳ ಪಟ್ಟಿ ವರದಿಯಲ್ಲೇ ಇರುತ್ತದೆ. ಮುಂಗಡ ಪಡೆದ ಎಸಿ ಬಿಲ್ಲುಗಳಿಗೆ ವಿವರ ಕೊಡುವ ಎನ್‌ಡಿಸಿ ಬಿಲ್ಲು ಬಂದಿಲ್ಲ, ಹಣಬಳಕೆ ಪ್ರಮಾಣಪತ್ರ ಬಾಕಿ ಎಂಬ ಕೋಷ್ಟಕಗಳನ್ನೂ ಇಲಾಖೆಯ ಹೆಸರಿನ ಸಮೇತ ನೋಡಬೇಕು. ಹಣ ಹೋದದ್ದು ಗೊತ್ತು, ಏನಾಯಿತೆಂದು ಗೊತ್ತಿಲ್ಲ ಎಂಬುದೇ ಈ ಕೋಷ್ಟಕಗಳ ಅರ್ಥ.

ಒಂದು ತಾಲ್ಲೂಕು ಕಚೇರಿ ಅಥವಾ ಸರ್ಕಾರಿ ಆಸ್ಪತ್ರೆಯ ತಪಾಸಣಾ ವರದಿ ಬೇಕಿದ್ದರೆ ಅದು ಜಾಲತಾಣದಲ್ಲಿ ಸಿಗದು, ಸದನಕ್ಕೆ ಬರುವುದು ಆಯ್ದ ಕಂಡಿಕೆಗಳು ಮಾತ್ರ. ಅದಕ್ಕೆ ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಇಂಥ ವರ್ಷದ ಲೆಕ್ಕಪರಿಶೋಧನೆಯ ತಪಾಸಣಾ ವರದಿಯ ಪ್ರತಿ ಎಂದು ಒಂದರಲ್ಲಿ, ಅದಕ್ಕೆ ಕಚೇರಿ ಕೊಟ್ಟ ಅನುಪಾಲನಾ ವರದಿಯ ಪ್ರತಿ ಎಂದು ಇನ್ನೊಂದರಲ್ಲಿ ಕೇಳಿದರೆ ತಿರಸ್ಕಾರಕ್ಕೆ ನೆಪ ಸಿಗುವುದಿಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ಇನ್ನೂ ಸದನದಲ್ಲಿ ಮಂಡನೆಯಾಗದ ಸಿಎಜಿ ವರದಿಯನ್ನು ಕೇಳಿದರೆ ಸದನದ ಹಕ್ಕುಚ್ಯುತಿಯ ಕಾರಣ ಕೊಟ್ಟು ನಿರಾಕರಿಸಬಹುದು, ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ಆ ವಿನಾಯಿತಿ ಇದೆ. ಮಹಾಲೇಖಪಾಲರ ಕಚೇರಿ ಕೇಂದ್ರದ ವ್ಯಾಪ್ತಿಯದ್ದಾದ್ದರಿಂದ ಅಲ್ಲಿಗೆ ಸಲ್ಲಿಸುವ ಅರ್ಜಿಯ ಮೇಲ್ಮನವಿ ಕೊನೆಗೆ ಹೋಗುವುದು ಕೇಂದ್ರ ಮಾಹಿತಿ ಆಯೋಗಕ್ಕೆ, ತಾಲ್ಲೂಕು ಕಚೇರಿಯದ್ದು ರಾಜ್ಯ ಮಾಹಿತಿ ಆಯೋಗಕ್ಕೆ.